ಹೆಲ್ಮೆಟ್ಟಿನ ಹಿಂದಿನ ಮುಖ: ಆಧುನಿಕ ರೇಸಿಂಗ್ ಚಾಲಕರ ವರ್ಚಸ್ಸು ಮತ್ತು ವ್ಯಕ್ತಿತ್ವ

ಒಮಾನಿನ ರಾಜಧಾನಿ ಮಸ್ಕತ್‌ನ ಪಶ್ಚಿಮಕ್ಕೆ, ಕಡಲ ತೀರದುದ್ದಕ್ಕೂ ಹಬ್ಬಿರುವ ವಿಲಾಯತ್ತು ಸೀಬ್. ದೇಶದ ಮುಖ್ಯ ವಿಮಾನ ನಿಲ್ದಾಣ ಇರುವುದು ಇಲ್ಲಿಯೇ. 2008ರವರೆಗೆ ಅದನ್ನು ಸೀಬ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವೆಂದೇ ಕರೆಯುತ್ತಿದ್ದರು. ಉದ್ಯೋಗವನ್ನರಸಿ ಕರಾವಳಿಯಿಂದ ಬಂದ ಅನೇಕ ಕನ್ನಡಿಗರಿಗೆ ಒಮಾನಿನಲ್ಲಿ ಮೊದಲು ಪರಿಚಯವಾದ ಹೆಸರು ಇದೇ. ಇದೇ ಸೀಬ್‌ನಲ್ಲಿ ಒಮಾನ್ ಆಟೊಮೊಬೈಲ್ ಅಸೋಸಿಯೇಷನ್ನಿನ ಆವರಣವಿದೆ. ಅಲ್ಲಿ ಕಾರ್ಟಿಂಗ್ ನಡೆಯುತ್ತದೆ, ಡ್ರಿಫ್ಟಿಂಗ್ ಸ್ಪರ್ಧೆಗಳು ನಡೆಯುತ್ತವೆ, ಸಂಜೆಯ ಹೊತ್ತು ಯುವಕರು ಸೇರುತ್ತಾರೆ.

ಫಾರ್ಮುಲಾ ಒನ್ ರೇಸು 2004ರಲ್ಲಿ ಬಹರೈನಿಗೆ, 2009ರಲ್ಲಿ ಅಬುಧಾಬಿಗೆ, 2021ರಲ್ಲಿ ಸೌದಿ ಅರೇಬಿಯಾ ಮತ್ತು ಕತಾರಿಗೆ ಬಂದಿತು. ಒಮಾನಿಗೆ ಬಂದಿಲ್ಲ. ಆದರೂ ಜಗತ್ತಿನ ಅತ್ಯಂತ ಜನಪ್ರಿಯ ರೇಸಿಂಗ್ ತಾರೆಯೊಬ್ಬರೊಂದಿಗೆ ಒಂದೇ ಕಾರನ್ನು ಹಂಚಿಕೊಂಡು ಓಡಿಸಿದ ಚಾಲಕನನ್ನು ಈ ದೇಶ ಕೊಟ್ಟಿದೆ. ಆ ತಾರೆ ಇಟಲಿಯ ವ್ಯಾಲೆಂಟಿನೊ ರೊಸ್ಸಿ. ಚಾಲಕ ಮಸ್ಕತ್‌ನ ಅಹ್ಮದ್ ಅಲ್ ಹರ್ತಿ. ರೇಸಿಂಗ್ ಚಾಲಕರ ಆಕರ್ಷಣೆ ಎಲ್ಲಿಂದ ಹುಟ್ಟುತ್ತದೆ, ಅವರ ನಿಜವಾದ ವ್ಯಕ್ತಿತ್ವ ಎಲ್ಲಿ ತಿಳಿಯುತ್ತದೆ ಎಂಬ ಪ್ರಶ್ನೆಗೆ ಈ ಇಬ್ಬರ ಜೊತೆಗಾರಿಕೆ ಒಳ್ಳೆಯ ಉದಾಹರಣೆ. ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಯಾರಿಗೆ ರೇಸಿಂಗ್ ತಂಡದಲ್ಲಿ ಸೀಟು ಸಿಗುತ್ತದೆ ಎಂಬುದರಿಂದ ಹಿಡಿದು, ಟಿವಿಯಲ್ಲಿ ರೇಸು ನೋಡಿದ ಹುಡುಗ ಮರುದಿನ ರಸ್ತೆಯಲ್ಲಿ ಕಾರನ್ನು ಹೇಗೆ ಓಡಿಸುತ್ತಾನೆ ಎಂಬುದರವರೆಗೆ ಅದರ ಪರಿಣಾಮವಿದೆ.

ಎರಡು ಪದಗಳ ನಡುವಿನ ಅಂತರ

ವರ್ಚಸ್ಸು ಎಂಬ ಪದ ಸಂಸ್ಕೃತದ ‘ವರ್ಚಸ್’ನಿಂದ ಬಂದದ್ದು. ತೇಜಸ್ಸು, ಕಾಂತಿ ಎಂಬುದು ಅದರ ಮೂಲಾರ್ಥ. ಕಾಂತಿಯನ್ನು ಕಾಣಲು ಕಾಣುವವರೂ ಬೇಕು. ಸಮಾಜಶಾಸ್ತ್ರದಲ್ಲಿ ಈ ಕಲ್ಪನೆಗೆ ಖಚಿತ ರೂಪ ಕೊಟ್ಟ ಜರ್ಮನ್ ವಿದ್ವಾಂಸ ಮ್ಯಾಕ್ಸ್ ವೇಬರ್ (1864–1920) ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಅವರ ಪ್ರಕಾರ ವರ್ಚಸ್ಸು ಅನುಯಾಯಿಗಳು ಗುರುತಿಸಿ ಒಪ್ಪಿಕೊಂಡಾಗ ಮಾತ್ರ ನೆಲೆಗೊಳ್ಳುತ್ತದೆ. ಅದನ್ನು ಮತ್ತೆ ಮತ್ತೆ ಸಾಧನೆಯಿಂದ ರುಜುವಾತುಪಡಿಸಬೇಕಾಗುತ್ತದೆ. ಕಾಲ ಕಳೆದಂತೆ ಅದು ವ್ಯಕ್ತಿಯಿಂದ ಬೇರ್ಪಟ್ಟು ಸಂಸ್ಥೆಯ, ಪದವಿಯ, ಚಿಹ್ನೆಯ ರೂಪವನ್ನು ತಾಳುತ್ತದೆ. ವೇಬರ್ ಬರೆದದ್ದು ಧರ್ಮ ಮತ್ತು ರಾಜಕೀಯದ ನಾಯಕರನ್ನು ಕುರಿತು. ಆದರೆ ಈ ಮೂರು ಮಾತುಗಳೂ ರೇಸಿಂಗಿಗೆ ಚೆನ್ನಾಗಿ ಹೊಂದುತ್ತವೆ.

ವ್ಯಕ್ತಿತ್ವ ಬೇರೆಯದು. ಅದು ನೋಡುವವರಿದ್ದರೂ ಇಲ್ಲದಿದ್ದರೂ ಇರುವಂಥದ್ದು. ಸೋತಾಗಿನ ಮಾತು, ಮೆಕ್ಯಾನಿಕ್ಕಿನೊಂದಿಗಿನ ನಡವಳಿಕೆ, ಅಪಾಯವನ್ನು ಅಳೆಯುವ ಬಗೆ, ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ ಇವೆಲ್ಲ ಅದರ ಅಂಶಗಳು. ಇವು ಹೆಚ್ಚಾಗಿ ತಂಡದ ಒಳಗಿನವರಿಗೆ ಮಾತ್ರ ಗೊತ್ತಿರುತ್ತವೆ. ರೇಸಿಂಗ್ ಚಾಲಕನ ವಿಷಯದಲ್ಲಿ ಈ ಅಂತರ ಇನ್ನಷ್ಟು ಹೆಚ್ಚು. ಕ್ರಿಕೆಟ್ ಆಟಗಾರನ ಮುಖಭಾವವನ್ನು ಪ್ರೇಕ್ಷಕ ಗಂಟೆಗಟ್ಟಲೆ ಕಾಣಬಲ್ಲ. ಚಾಲಕನಾದರೋ ತನ್ನ ಅತ್ಯುತ್ತಮ ಕೆಲಸವನ್ನು ಮಾಡುವ ಹೊತ್ತಿನಲ್ಲಿ ಹೆಲ್ಮೆಟ್ಟಿನೊಳಗೆ, ಕಾರಿನೊಳಗೆ ಮರೆಯಾಗಿರುತ್ತಾನೆ. ನೋಡುಗರಿಗೆ ಕಾಣುವುದು ಬಣ್ಣ, ಸಂಖ್ಯೆ ಮತ್ತು ವೇಗ. ಉಳಿದದ್ದನ್ನು ಕಲ್ಪನೆ ತುಂಬುತ್ತದೆ.

ಸಾವಿನ ನೆರಳಿನಿಂದ ರೇಡಿಯೊ ದನಿಯವರೆಗೆ

ಹಿಂದಿನ ತಲೆಮಾರಿನ ಚಾಲಕರ ವರ್ಚಸ್ಸಿಗೆ ಸಾವಿನ ಸಾಮೀಪ್ಯವೇ ದೊಡ್ಡ ಆಧಾರವಾಗಿತ್ತು. 1976ರ ಫಾರ್ಮುಲಾ ಒನ್ ಋತು ಇದಕ್ಕೆ ಪ್ರಸಿದ್ಧ ನಿದರ್ಶನ. ಇಂಗ್ಲೆಂಡಿನ ಜೇಮ್ಸ್ ಹಂಟ್ ಚೆಲುವ, ವಿಲಾಸಪ್ರಿಯ, ಪತ್ರಿಕೆಗಳ ಮುದ್ದಿನ ಮನುಷ್ಯ. ಆಸ್ಟ್ರಿಯದ ನಿಕಿ ಲೌಡಾ ಮಿತಭಾಷಿ, ಲೆಕ್ಕಾಚಾರದವರು. ಆ ವರ್ಷದ ಆಗಸ್ಟ್ 1ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಲೌಡಾ ಅವರ ಕಾರು ಹೊತ್ತಿ ಉರಿಯಿತು. ಮುಖ ಸುಟ್ಟಿತು, ಶ್ವಾಸಕೋಶಗಳಿಗೆ ಹಾನಿಯಾಯಿತು. ಆರು ವಾರಗಳಲ್ಲಿ ಅವರು ಇಟಲಿಯ ಮೊಂಜಾದಲ್ಲಿ ಮತ್ತೆ ಸ್ಪರ್ಧಿಸಿ ನಾಲ್ಕನೆಯವರಾದರು. ಋತುವಿನ ಕೊನೆಯ ರೇಸು ಜಪಾನಿನ ಫುಜಿಯಲ್ಲಿ ಭಾರೀ ಮಳೆಯ ನಡುವೆ ಆರಂಭವಾದಾಗ ಲೌಡಾ ಎರಡು ಸುತ್ತುಗಳ ಬಳಿಕ ಕಾರನ್ನು ನಿಲ್ಲಿಸಿ ಇಳಿದುಬಿಟ್ಟರು. ಜೀವಕ್ಕಿಂತ ಪ್ರಶಸ್ತಿ ದೊಡ್ಡದಲ್ಲವೆಂಬುದು ಅವರ ನಿಲುವಾಗಿತ್ತು. ಒಂದೇ ಒಂದು ಅಂಕದಿಂದ ಹಂಟ್ ಚಾಂಪಿಯನ್ ಆದರು. ಆ ದಿನ ವರ್ಚಸ್ಸು ಗೆದ್ದಿತೆಂದು ಹೇಳಬಹುದು. ಆದರೆ ಚಾಲಕನ ವ್ಯಕ್ತಿತ್ವದ ಮಾತು ಬಂದಾಗಲೆಲ್ಲ ಫುಜಿಯಲ್ಲಿ ಕಾರಿನಿಂದ ಇಳಿದ ಲೌಡಾ ಇಂದಿಗೂ ನೆನಪಾಗುತ್ತಾರೆ.

ಧೈರ್ಯದ ಅರ್ಥವನ್ನು ಬದಲಿಸಿದ ಇನ್ನೊಬ್ಬರು ಸ್ಕಾಟ್ಲೆಂಡಿನ ಜ್ಯಾಕಿ ಸ್ಟೂವರ್ಟ್. 1966ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಅಪಘಾತಕ್ಕೀಡಾಗಿ, ಸೋರುತ್ತಿದ್ದ ಇಂಧನದ ನಡುವೆ ಕಾರಿನೊಳಗೆ ಸಿಲುಕಿಕೊಂಡ ಅವರು, ಬದುಕುಳಿದ ಮೇಲೆ ಟ್ರ್ಯಾಕುಗಳ ಸುರಕ್ಷತೆಗಾಗಿ ವರ್ಷಗಟ್ಟಲೆ ಹೋರಾಡಿದರು. ಆಗ ಅವರನ್ನು ಅಳ್ಳೆದೆಯವರೆಂದು ಹಂಗಿಸಿದವರೂ ಇದ್ದರು. ಮೂರು ಬಾರಿಯ ವಿಶ್ವ ಚಾಂಪಿಯನ್ ಆಗಿದ್ದರಿಂದ ಆ ಹಂಗಣೆ ನಿಲ್ಲಲಿಲ್ಲವಾದರೂ ಅವರ ಮಾತಿಗೆ ಬೆಲೆ ಉಳಿಯಿತು. 1994ರ ಮೇ 1ರಂದು ಇಮೊಲಾದಲ್ಲಿ ಬ್ರೆಜಿಲಿನ ಐರ್ಟನ್ ಸೆನ್ನಾ ಮಡಿದ ಬಳಿಕ ಸುರಕ್ಷತಾ ನಿಯಮಗಳು ಇನ್ನಷ್ಟು ಬಿಗಿಯಾದವು. 2018ರಲ್ಲಿ ಚಾಲಕನ ತಲೆಯ ಸುತ್ತ ‘ಹೇಲೊ’ ಎಂಬ ಟೈಟಾನಿಯಂ ಕಮಾನು ಕಡ್ಡಾಯವಾಯಿತು. ಅದನ್ನು ಬಲವಾಗಿ ವಿರೋಧಿಸಿದವರಲ್ಲಿ ರೊಮೇನ್ ಗ್ರೋಜೋನ್ ಒಬ್ಬರು. 2020ರ ನವೆಂಬರಿನಲ್ಲಿ ಬಹರೈನಿನಲ್ಲಿ ಅವರ ಕಾರು ತಡೆಬೇಲಿಯನ್ನು ಸೀಳಿ ಇಬ್ಭಾಗವಾಗಿ ಉರಿಯಿತು. ಅರ್ಧ ನಿಮಿಷದಷ್ಟು ಹೊತ್ತು ಬೆಂಕಿಯೊಳಗಿದ್ದು ಅವರು ಜೀವಂತ ಹೊರಬಂದರು. ಆಸ್ಪತ್ರೆಯಿಂದಲೇ, ತಾವು ಬೇಡವೆಂದಿದ್ದ ಹೇಲೊ ತಮ್ಮನ್ನು ಉಳಿಸಿತೆಂದು ಬಹಿರಂಗವಾಗಿ ಹೇಳಿದರು.

ಸಾವಿನ ನೆರಳು ಸರಿದಂತೆ ವರ್ಚಸ್ಸಿಗೆ ಬೇರೆ ಆಧಾರ ಬೇಕಾಯಿತು. ಅದನ್ನು ಒದಗಿಸಿದ್ದು ಪ್ರಸಾರ ತಂತ್ರಜ್ಞಾನ. ಕಾರಿನೊಳಗಿನ ಕ್ಯಾಮೆರಾ ಚಾಲಕನ ಕೈಗಳನ್ನು ತೋರಿಸಿತು. ಚಾಲಕ ಮತ್ತು ಎಂಜಿನಿಯರರ ನಡುವಿನ ರೇಡಿಯೊ ಸಂಭಾಷಣೆ ಮನೆಮನೆಗೂ ಕೇಳಿಸತೊಡಗಿತು. ಮುಖ ಕಾಣದ ಮನುಷ್ಯನಿಗೆ ದನಿ ಬಂದಿತು. ಫಿನ್ಲೆಂಡಿನ ಕಿಮಿ ರೈಕೊನೆನ್ ಅವರ ಕೀರ್ತಿಯ ಒಂದು ಪಾಲು ಈ ದನಿಯದು. ಪತ್ರಕರ್ತರಿಗೆ ಒಂದೆರಡು ಪದಗಳಲ್ಲಿ ಉತ್ತರಿಸಿ ಮುಗಿಸುತ್ತಿದ್ದ ಅವರು 2012ರ ಅಬುಧಾಬಿ ರೇಸಿನಲ್ಲಿ ಮುಂದಿದ್ದಾಗ, ಸೂಚನೆ ಕೊಡಲು ಬಂದ ಎಂಜಿನಿಯರರಿಗೆ ತನ್ನ ಪಾಡಿಗೆ ತನ್ನನ್ನು ಬಿಡಿ, ಏನು ಮಾಡಬೇಕೆಂಬುದು ಗೊತ್ತಿದೆ ಎಂಬ ಅರ್ಥದ ಮಾತನ್ನು ಗಡುಸಾಗಿ ಹೇಳಿದರು. ಅವರು ಆ ರೇಸನ್ನು ಗೆದ್ದರು; ಆ ಮಾತು ಅಂಗಿಗಳ ಮೇಲೆ ಅಚ್ಚಾಯಿತು. ಜನರನ್ನು ಒಲಿಸಿಕೊಳ್ಳಲು ಏನನ್ನೂ ಮಾಡದ ಚಾಲಕ ಅತ್ಯಂತ ಜನಪ್ರಿಯರಲ್ಲಿ ಒಬ್ಬನಾದ ಸಂಗತಿ ವೇಬರ್ ಅವರ ಮೊದಲ ಮಾತಿಗೆ ಪುಷ್ಟಿ ಕೊಡುತ್ತದೆ. ರೈಕೊನೆನ್ ಅವರ ಮೌನಕ್ಕೆ ಅರ್ಥ ತುಂಬಿದವರು ಅಭಿಮಾನಿಗಳು.

ಪ್ರದರ್ಶನಕ್ಕೂ ನಿಯಮ, ನಗುವಿಗೂ ಗಡುವು

ರೇಸಿಂಗ್ ಆಡಳಿತಕ್ಕೆ ಚಾಲಕರ ವ್ಯಕ್ತಿತ್ವ ಬೇಕು. ಆದರೆ ಅದು ಹದ್ದುಮೀರಬಾರದು. ಈ ಇಬ್ಬಂದಿಯನ್ನು ಭಾರತದಲ್ಲಿಯೂ ಕಂಡಿದ್ದೇವೆ. ದೆಹಲಿಯ ಹೊರವಲಯದ ಬುದ್ಧ ಅಂತಾರಾಷ್ಟ್ರೀಯ ಸರ್ಕಿಟ್ಟಿನಲ್ಲಿ 2011ರಿಂದ 2013ರವರೆಗೆ ನಡೆದ ಮೂರೂ ಇಂಡಿಯನ್ ಗ್ರಾಂಡ್ ಪ್ರೀಗಳನ್ನು ಗೆದ್ದವರು ಸೆಬಾಸ್ಟಿಯನ್ ವೆಟೆಲ್. 2013ರಲ್ಲಿ ಅಲ್ಲಿಯೇ ನಾಲ್ಕನೆಯ ವಿಶ್ವ ಪ್ರಶಸ್ತಿ ಖಚಿತವಾದಾಗ ಅವರು ಪ್ರೇಕ್ಷಕರ ಎದುರು ಕಾರನ್ನು ಹೊಗೆಯೆಬ್ಬಿಸಿ ಗಿರಕಿ ಹೊಡೆಸಿ, ಕೆಳಗಿಳಿದು, ಅದರ ಮುಂದೆ ಮಂಡಿಯೂರಿ ಬಾಗಿ ನಮಸ್ಕರಿಸಿದರು. ಆಯುಧಪೂಜೆಯ ದಿನ ವಾಹನಕ್ಕೆ ಕೈಮುಗಿಯುವ ನಮ್ಮವರಿಗೆ ಆ ದೃಶ್ಯ ತೀರ ಹತ್ತಿರದ್ದಾಗಿ ಕಂಡಿತು. ನಿಯಮದಂತೆ ಕಾರನ್ನು ನೇರವಾಗಿ ತಪಾಸಣೆಯ ಸ್ಥಳಕ್ಕೆ ಒಯ್ಯಲಿಲ್ಲವೆಂದು ಚಾಲಕನಿಗೆ ಎಚ್ಚರಿಕೆ, ತಂಡಕ್ಕೆ 25,000 ಯುರೋ ದಂಡ ಬಿದ್ದಿತು. ಆ ರೇಸಿನ ಚಿತ್ರಗಳಲ್ಲಿ ಇಂದಿಗೂ ಹೆಚ್ಚು ಬಳಕೆಯಾಗುವುದು ಅದೇ ನಮಸ್ಕಾರದ ಚಿತ್ರ.

2024ರ ಸೆಪ್ಟೆಂಬರಿನಲ್ಲಿ ಸಿಂಗಪುರದ ಪತ್ರಿಕಾಗೋಷ್ಠಿಯೊಂದರಲ್ಲಿ ಮ್ಯಾಕ್ಸ್ ವರ್ಸ್ಟಾಪೆನ್ ತಮ್ಮ ಕಾರಿನ ಬಗ್ಗೆ ಒರಟು ಪದ ಬಳಸಿದ್ದಕ್ಕೆ ಸಾರ್ವಜನಿಕ ಸೇವೆಯ ಶಿಕ್ಷೆಯಾಯಿತು. ಮುಂದಿನ ಗೋಷ್ಠಿಗಳಲ್ಲಿ ಅವರು ಬೇಕೆಂದೇ ಚುಟುಕಾಗಿ ಉತ್ತರಿಸಿ, ಸಭಾಂಗಣದ ಹೊರಗೆ ಪತ್ರಕರ್ತರೊಡನೆ ಧಾರಾಳವಾಗಿ ಮಾತಾಡಿದರು. ಸೇವೆಯನ್ನು ವರ್ಷಾಂತ್ಯದಲ್ಲಿ ರುವಾಂಡದಲ್ಲಿ ಸಲ್ಲಿಸಿದರು. ಆಗ ವಿಶ್ವ ಮೋಟಾರು ಒಕ್ಕೂಟದ ಅಧ್ಯಕ್ಷರಾಗಿದ್ದವರು ಗಲ್ಫಿನವರೇ ಆದ ಮೊಹಮ್ಮದ್ ಬಿನ್ ಸುಲಾಯಂ. 14 ಬಾರಿ ಮಧ್ಯಪ್ರಾಚ್ಯ ರ‍್ಯಾಲಿ ಚಾಂಪಿಯನ್ ಆಗಿದ್ದ ದುಬೈಯ ಚಾಲಕ. ಕಿರಿಯರು ನೋಡುತ್ತಿರುವಾಗ ತಾರೆಯರ ನಾಲಿಗೆ ಹಿಡಿತದಲ್ಲಿರಬೇಕೆಂಬುದು ಅವರ ವಾದ. ತಮ್ಮನ್ನು ವಯಸ್ಕರಂತೆ ನಡೆಸಿಕೊಳ್ಳಿ ಎಂಬುದು ಚಾಲಕರ ಸಂಘದ ಪತ್ರದ ಸಾರ. ಗಲ್ಫಿನಲ್ಲಿ ಮಕ್ಕಳನ್ನು ಬೆಳೆಸುವ ಕುಟುಂಬಗಳಿಗೆ ಎರಡೂ ವಾದಗಳು ಅರ್ಥವಾಗದಿರಲಾರವು.

2019ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಆರಂಭವಾದ ‘ಡ್ರೈವ್ ಟು ಸರ್ವೈವ್’ ಸರಣಿ ಚಾಲಕರನ್ನು ಕಥಾಪಾತ್ರಗಳಾಗಿ ಪರಿಚಯಿಸಿತು. ರೇಸಿನ ನಿಯಮ ತಿಳಿಯದವರೂ ಅವರ ಸ್ವಭಾವವನ್ನು ಚರ್ಚಿಸತೊಡಗಿದರು. ಇಲ್ಲದ ವೈರಗಳನ್ನು ಹುಟ್ಟಿಸಲಾಗುತ್ತಿದೆಯೆಂದು ವರ್ಸ್ಟಾಪೆನ್ ಕೆಲಕಾಲ ಅದರಿಂದ ದೂರ ಉಳಿದರು. ಆ ಸರಣಿಯಿಂದ ಹೆಚ್ಚು ಪ್ರೀತಿ ಗಳಿಸಿದವರಲ್ಲಿ ಆಸ್ಟ್ರೇಲಿಯದ ಡೇನಿಯಲ್ ರಿಕಾರ್ಡೊ ಮುಖ್ಯರು. ತುಂಬುನಗೆಯ, ಎಂಟು ಗ್ರಾಂಡ್ ಪ್ರೀ ಗೆದ್ದ ಚಾಲಕ. ಆದರೆ ವೇಗ ಕುಂದಿದಾಗ ಆ ನಗು ಅವರ ನೆರವಿಗೆ ಬರಲಿಲ್ಲ. 2022ರ ಕೊನೆಗೆ ಮೆಕ್‌ಲಾರೆನ್ ತಂಡ ಅವರನ್ನು ಬಿಟ್ಟಿತು. ಬೇರೆ ತಂಡದ ಮೂಲಕ ಮರಳಿ ಬಂದರೂ 2024ರ ಸಿಂಗಪುರ ರೇಸಿನ ಬಳಿಕ ಋತುವಿನ ನಡುವೆಯೇ ಆ ಸೀಟೂ ಹೋಯಿತು. ವರ್ಚಸ್ಸನ್ನು ಮತ್ತೆ ಮತ್ತೆ ರುಜುವಾತುಪಡಿಸಬೇಕೆಂಬ ವೇಬರ್ ಅವರ ಎರಡನೆಯ ಮಾತು ಇಲ್ಲಿ ನೆನಪಾಗುತ್ತದೆ. ರೇಸಿಂಗಿನಲ್ಲಿ ಆ ರುಜುವಾತನ್ನು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅಳೆಯುತ್ತಾರೆ.

46: ಮನುಷ್ಯ ಸಂಖ್ಯೆಯಾದ ಬಗೆ

ಕಾರು ಮತ್ತು ಬೈಕು ಎರಡನ್ನೂ ಸೇರಿಸಿ ನೋಡಿದರೆ, ನಮ್ಮ ಕಾಲದಲ್ಲಿ ವರ್ಚಸ್ಸಿನ ಪೂರ್ಣ ಉದಾಹರಣೆ ವ್ಯಾಲೆಂಟಿನೊ ರೊಸ್ಸಿ. 1979ರಲ್ಲಿ ಹುಟ್ಟಿದ ಅವರು 1996ರಿಂದ 2021ರವರೆಗೆ ಮೋಟಾರ್‌ಸೈಕಲ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಸ್ಪರ್ಧಿಸಿ ಒಂಬತ್ತು ವಿಶ್ವ ಪ್ರಶಸ್ತಿಗಳನ್ನೂ 115 ರೇಸುಗಳನ್ನೂ ಗೆದ್ದರು. ಗೆದ್ದವರು ಅನೇಕರಿದ್ದಾರೆ; ಗೆಲುವನ್ನು ಅವರಂತೆ ಆಟವಾಗಿಸಿದವರು ವಿರಳ. 1999ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಗೆದ್ದ ಮೇಲೆ ವಿಜಯದ ಸುತ್ತಿನ ನಡುವೆ ಬೈಕು ನಿಲ್ಲಿಸಿ ಟ್ರ್ಯಾಕಿನ ಅಂಚಿನ ತಾತ್ಕಾಲಿಕ ಶೌಚಾಲಯದೊಳಗೆ ಹೋಗಿಬಂದದ್ದು ಅವರ ಹಾಸ್ಯದ ಒಂದು ಮಾದರಿ. ತಂದೆ ಗ್ರಾಜಿಯಾನೊ ಬಳಸಿದ್ದ 46 ಎಂಬ ಸಂಖ್ಯೆಯನ್ನು ಅವರು ಚಾಂಪಿಯನ್ ಆದಾಗಲೂ ಬಿಡಲಿಲ್ಲ. ಹಳದಿ ಬಣ್ಣ ಅವರದಾಯಿತು; ಯಾವ ದೇಶದ ಟ್ರ್ಯಾಕಿಗೆ ಹೋದರೂ ಪ್ರೇಕ್ಷಕರ ಸಾಲು ಹಳದಿಯಾಗುತ್ತಿತ್ತು.

ಇದಕ್ಕೆ ಇನ್ನೊಂದು ಮುಖವೂ ಉಂಟು. 2015ರಲ್ಲಿ ಮಲೇಷ್ಯದ ಸೆಪಾಂಗ್‌ನಲ್ಲಿ ಮಾರ್ಕ್ ಮಾರ್ಕೆಸ್ ಅವರೊಂದಿಗಿನ ಘರ್ಷಣೆಗಾಗಿ ರೊಸ್ಸಿ ಅವರಿಗೆ ಶಿಕ್ಷೆಯಾಗಿ, ಅಂತಿಮ ರೇಸನ್ನು ಕೊನೆಯ ಸ್ಥಾನದಿಂದ ಆರಂಭಿಸಬೇಕಾಯಿತು, ಪ್ರಶಸ್ತಿ ಕೈತಪ್ಪಿತು. ಅಭಿಮಾನಿಗಳು ಎರಡು ಪಾಳೆಯಗಳಾದರು, ಮಾರ್ಕೆಸ್ ಅವರನ್ನು ವರ್ಷಗಟ್ಟಲೆ ಟ್ರ್ಯಾಕುಗಳಲ್ಲಿ ಮೂದಲಿಸಲಾಯಿತು. ದೊಡ್ಡ ವರ್ಚಸ್ಸು ತನ್ನ ಸುತ್ತ ಪ್ರೀತಿಯನ್ನು ಸೃಷ್ಟಿಸುವಷ್ಟೇ ಸಲೀಸಾಗಿ ದ್ವೇಷವನ್ನೂ ಸೃಷ್ಟಿಸಬಲ್ಲುದು.

ರೊಸ್ಸಿ ನಿವೃತ್ತರಾದ ಮೇಲೆ 2022ರಲ್ಲಿ ಮೋಟೊಜಿಪಿ ದರ್ಜೆಯಲ್ಲಿ 46ನ್ನು ಇನ್ನಾರಿಗೂ ಕೊಡದಂತೆ ತೆಗೆದಿರಿಸಲಾಯಿತು. ಟವೂಲಿಯಾದಲ್ಲಿರುವ ಅವರ ಅಕಾಡೆಮಿಯಲ್ಲಿ ಬೆಳೆದ ಫ್ರಾಂಚೆಸ್ಕೊ ಬಾನ್ಯಾಯ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು. ವೇಬರ್ ಹೇಳಿದ ಮೂರನೆಯ ಮಾತು ಇಲ್ಲಿ ನಿಜವಾಗಿದೆ: ವರ್ಚಸ್ಸು ಸಂಖ್ಯೆಯಾಗಿ, ಬಣ್ಣವಾಗಿ, ಶಾಲೆಯಾಗಿ ವ್ಯಕ್ತಿಯ ನಿವೃತ್ತಿಯ ಅನಂತರವೂ ಉಳಿದಿದೆ. ರೊಸ್ಸಿ ಕಾರು ರೇಸಿಂಗಿಗೆ ಬಂದಾಗ ಆ ಸಂಖ್ಯೆಯೂ ಅವರ ಹಿಂದೆಯೇ ಬಂದಿತು.

ಕಂಚಿನ ದರ್ಜೆಯ ಚಾಲಕ

ಅಹ್ಮದ್ ಅಲ್ ಹರ್ತಿ 1981ರಲ್ಲಿ ಹುಟ್ಟಿದವರು. ಅವರಿಗಿಂತ ಮೊದಲು ಹಮದ್ ಅಲ್ ವಹೈಬಿ ವಿಶ್ವ ರ‍್ಯಾಲಿಯಲ್ಲಿ ಸ್ಪರ್ಧಿಸಿ ಒಮಾನಿನ ಹೆಸರನ್ನು ಪರಿಚಯಿಸಿದ್ದರು. ಅಲ್ ಹರ್ತಿ ಆರಿಸಿಕೊಂಡದ್ದು ಸರ್ಕಿಟ್ ರೇಸಿಂಗನ್ನು. ಬ್ರಿಟನ್ನಿನಲ್ಲಿ ಪಳಗಿ, ‘ಒಮಾನ್ ರೇಸಿಂಗ್’ ಎಂಬ ದೇಶದ ಹೆಸರಿನ ತಂಡದಲ್ಲಿ ಆಸ್ಟನ್ ಮಾರ್ಟಿನ್ ಕಾರು ಓಡಿಸಿ, 2017ರಲ್ಲಿ ಜಾನಿ ಆಡಮ್ ಅವರೊಂದಿಗೆ ಬ್ಲಾಂಕ್‌ಪೇನ್ ದೀರ್ಘ ಓಟದ ಸರಣಿಯ ಪ್ರೊ-ಆ್ಯಮ್ ವಿಭಾಗದ ಪ್ರಶಸ್ತಿಯನ್ನು ಗೆದ್ದರು. 2023ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ಅವರ ಕಾರು ತನ್ನ ವಿಭಾಗದಲ್ಲಿ ಎರಡನೆಯ ಸ್ಥಾನ ಪಡೆಯಿತು. 2024ರಲ್ಲಿ ಬೆಲ್ಜಿಯಂನ ಡಬ್ಲ್ಯುಆರ್‌ಟಿ ತಂಡದ ಬಿಎಂಡಬ್ಲ್ಯು ಕಾರಿನಲ್ಲಿ ರೊಸ್ಸಿ ಮತ್ತು ಮ್ಯಾಕ್ಸಿಮ್ ಮಾರ್ಟಿನ್ ಅವರ ಜೊತೆಗಾರರಾದರು. ಕಾರಿನ ಸಂಖ್ಯೆ 46.

ಈ ಸ್ಪರ್ಧೆಯ ನಿಯಮವನ್ನು ಸ್ವಲ್ಪ ವಿವರಿಸಬೇಕು. ಅಂತಾರಾಷ್ಟ್ರೀಯ ಒಕ್ಕೂಟ ಚಾಲಕರನ್ನು ಅವರ ಸಾಧನೆ ಮತ್ತು ವಯಸ್ಸಿನ ಆಧಾರದಲ್ಲಿ ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂಬ ನಾಲ್ಕು ದರ್ಜೆಗಳಲ್ಲಿ ವರ್ಗೀಕರಿಸುತ್ತದೆ. ವಿಶ್ವ ದೀರ್ಘ ಓಟದ ಜಿಟಿ ವಿಭಾಗದಲ್ಲಿ ಪ್ರತಿ ಕಾರಿನಲ್ಲೂ ಕಂಚಿನ ದರ್ಜೆಯ ಒಬ್ಬ ಚಾಲಕ ಇರಲೇಬೇಕು. ಅವನು ನಿಗದಿತ ಕನಿಷ್ಠ ಅವಧಿ ಓಡಿಸಲೇಬೇಕು. 2024ರಲ್ಲಿ ಅರ್ಹತಾ ಸುತ್ತನ್ನೂ ಕಂಚಿನ ಚಾಲಕನೇ ಓಡಿಸಬೇಕಿತ್ತು. 46ರ ಕಾರಿನಲ್ಲಿ ಆ ಹೊಣೆ ಅಲ್ ಹರ್ತಿ ಅವರದು. ಒಂಬತ್ತು ಬಾರಿಯ ವಿಶ್ವ ಚಾಂಪಿಯನ್ ಎಲ್ಲಿಂದ ಓಟ ಆರಂಭಿಸಬೇಕೆಂಬುದು ಮಸ್ಕತ್‌ನ ಚಾಲಕನ ವೇಗವನ್ನು ಅವಲಂಬಿಸಿತ್ತು. ಟಿಕೆಟ್ ಕೊಂಡು ಬಂದ ಜನ ರೊಸ್ಸಿಯನ್ನು ನೋಡಲು ಬಂದವರು. ಕಾರಿನ ಗತಿಯಾದರೋ ಮೂವರ ಮೊತ್ತ.

ದೀರ್ಘ ಓಟದಲ್ಲಿ ಕಾರು ಯಾರೊಬ್ಬರ ಸ್ವತ್ತೂ ಅಲ್ಲ. ಎತ್ತರ ಬೇರೆಯಾದ ಚಾಲಕರು ಒಂದೇ ಸೀಟಿನಲ್ಲಿ ಕೂರಬೇಕು; ಅದಕ್ಕಾಗಿ ಒಬ್ಬೊಬ್ಬರು ತಮ್ಮ ಮೈಗೆ ತಕ್ಕ ಒಳದಿಂಬನ್ನು ತರುತ್ತಾರೆ. ಬ್ರೇಕು, ಸಸ್ಪೆನ್ಷನ್ನುಗಳ ಹೊಂದಾಣಿಕೆ ಅತಿ ವೇಗದ ಚಾಲಕನಿಗೆ ಒಪ್ಪಿದರೆ ಸಾಲದು, ಕಂಚಿನ ಚಾಲಕನಿಗೂ ಭರವಸೆ ಕೊಡಬೇಕು. ಪಿಟ್ಟಿನಲ್ಲಿ ಇಳಿದವನು ಹತ್ತಿದವನ ಬೆಲ್ಟು ಬಿಗಿಯಲು ನೆರವಾಗುತ್ತಾನೆ. ಟೈರುಗಳನ್ನು ಸವೆಯಿಸಿ ತನ್ನ ಸಮಯವನ್ನು ಚೆನ್ನಾಗಿ ತೋರಿಸಿಕೊಂಡರೆ ಮುಂದಿನವನಿಗೆ ಕಷ್ಟ. ಇಲ್ಲಿ ಅಹಂಕಾರಕ್ಕೆ ತಕ್ಷಣ ಬೆಲೆ ತೆರಬೇಕಾಗುತ್ತದೆ. ಒಂದೇ ಕಾರನ್ನು ಹಂಚಿಕೊಳ್ಳುವ ಈ ಕ್ರಮದಲ್ಲಿ ಚಾಲಕನ ವ್ಯಕ್ತಿತ್ವ ಬಚ್ಚಿಟ್ಟುಕೊಳ್ಳಲಾರದು.

2024ರ ಏಪ್ರಿಲಿನಲ್ಲಿ ಇಟಲಿಯ ಇಮೊಲಾದಲ್ಲಿ, ರೊಸ್ಸಿ ಅವರ ತವರಿನ ಜನರೆದುರು, ಈ ಮೂವರ ಕಾರು ತನ್ನ ವಿಭಾಗದಲ್ಲಿ ಎರಡನೆಯದಾಯಿತು. ಎರಡು ತಿಂಗಳ ಬಳಿಕ ಲೆ ಮಾನ್ಸ್ ಓಟದಲ್ಲಿ, ರಾತ್ರಿಯ ಒದ್ದೆ ಟ್ರ್ಯಾಕಿನ ಮೇಲೆ ಅಲ್ ಹರ್ತಿ ಓಡಿಸುತ್ತಿದ್ದಾಗ ಕಾರು ಅಪಘಾತಕ್ಕೀಡಾಗಿ ಓಟ ಅಲ್ಲಿಗೇ ಮುಗಿಯಿತು. ಸುಮಾರು 13.6 ಕಿಲೋಮೀಟರ್ ಉದ್ದದ ಆ ಸುತ್ತಿನಲ್ಲಿ ಒಂದು ಕಡೆ ಮಳೆ ಸುರಿಯುತ್ತಿದ್ದರೆ ಇನ್ನೊಂದು ಕಡೆ ಒಣಗಿರುವುದು ಸಾಮಾನ್ಯ. ಪಳಗಿದವರೂ ಅಲ್ಲಿ ಎಡವುತ್ತಾರೆ. ಆದರೂ ಜಗತ್ತಿನೆಲ್ಲೆಡೆಯ ಅಭಿಮಾನಿಗಳು ಕಾಯುತ್ತಿದ್ದ ಕಾರನ್ನು ತನ್ನ ಕೈಯಲ್ಲಿದ್ದಾಗ ಕಳೆದುಕೊಂಡ ಚಾಲಕನ ಮೇಲಿನ ಭಾರ ಸಣ್ಣದಲ್ಲ. ಮುಂದೇನಾಯಿತೆಂಬುದೇ ಇಲ್ಲಿ ಮುಖ್ಯ. 2025ರ ಋತುವಿನಲ್ಲಿ 46ರ ಕಾರಿಗೆ ಮಾರ್ಟಿನ್ ಅವರ ಜಾಗದಲ್ಲಿ ಕೆಲ್ವಿನ್ ವಾನ್ ಡರ್ ಲಿಂಡೆ ಬಂದರು. ರೊಸ್ಸಿ ಮತ್ತು ಅಲ್ ಹರ್ತಿ ಜೊತೆಯಾಗಿಯೇ ಉಳಿದರು. ತಂಡದವರು ಒಬ್ಬ ಚಾಲಕನ ಬಗ್ಗೆ ಏನು ತಿಳಿದಿದ್ದಾರೆಂಬುದನ್ನು ಇಂಥ ನಿರ್ಧಾರಗಳು ಯಾವ ಸಂದರ್ಶನಕ್ಕಿಂತಲೂ ಸ್ಪಷ್ಟವಾಗಿ ಹೇಳುತ್ತವೆ.

ಕನ್ನಡ ನಾಡಿನಿಂದ ಮೂವರು

ಕರ್ನಾಟಕದಲ್ಲಿ ಮೋಟಾರು ಕ್ರೀಡೆ ಹೆಚ್ಚಾಗಿ ಬೆಳೆದದ್ದು ಮಣ್ಣಿನ ಹಾದಿಯಲ್ಲಿ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ರ‍್ಯಾಲಿ ನಮ್ಮವರಿಗೆ ಪರಿಚಿತ. ಹಣ ಮತ್ತು ಆಡಂಬರದ ವರ್ಚಸ್ಸೂ ಬೆಂಗಳೂರಿನಿಂದ ಹೊರಟದ್ದುಂಟು. ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ 2008ರಿಂದ ಒಂದು ದಶಕ ಫಾರ್ಮುಲಾ ಒನ್‌ನಲ್ಲಿದ್ದಿತು. ಆದರೆ ಅದರ ರೇಸ್ ಸೀಟಿನಲ್ಲಿ ಭಾರತೀಯನೊಬ್ಬ ಎಂದೂ ಕೂರಲಿಲ್ಲ. ಚಾಲಕರ ವ್ಯಕ್ತಿತ್ವದ ಕಥೆಗಳು ಬೇರೆಡೆ ಇವೆ.

ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿದರು; ಆ ಓಟವನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಅವರು. ಡಕಾರ್‌ನಲ್ಲಿ ಬೈಕು ಸವಾರ ದಿನಗಟ್ಟಲೆ ಒಬ್ಬಂಟಿ. ಅಲ್ಲಿ ಸ್ಟೇಡಿಯಂ ಇಲ್ಲ, ಗುರಿ ಮುಟ್ಟುವುದೇ ಗೆಲುವು. 2020ರಲ್ಲಿ ಅವರ ತಂಡದ ಜೊತೆಗಾರ, ಪೋರ್ಚುಗಲ್ಲಿನ ಪಾವ್ಲೊ ಗೊನ್ಸಾಲ್ವೆಸ್, ಸೌದಿ ಅರೇಬಿಯಾದ ಮರಳಿನಲ್ಲಿ ಮಡಿದರು. ಮರುವರ್ಷ ಅದೇ ದೇಶದಲ್ಲಿ ಸಂತೋಷ್ ಬಿದ್ದು, ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಕೃತಕ ಕೋಮಾದಲ್ಲಿರಿಸಬೇಕಾಯಿತು. ಅವರು ಚೇತರಿಸಿಕೊಂಡರು. ಕೋಲಾರದ ಬಳಿ ಅವರು ಕಟ್ಟಿದ ತರಬೇತಿ ಕೇಂದ್ರದಲ್ಲಿ ಹೊಸಬರು ಮಣ್ಣಿನಲ್ಲಿ ಬೈಕು ಓಡಿಸುವುದನ್ನು ಪದ್ಧತಿಯಂತೆ ಕಲಿಯುತ್ತಾರೆ.

ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆ 2018ರಲ್ಲಿ ಸ್ಪೇನಿನ ಓಟದಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ತೀವ್ರ ಗಾಯ ಮಾಡಿಕೊಂಡರು. ಮರುವರ್ಷ, ದುಬೈಯ ಸುತ್ತಿನಲ್ಲಿ ಗೆಲುವಿನಿಂದ ಆರಂಭಿಸಿ, ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗದ ಪ್ರಶಸ್ತಿಯನ್ನು ತಮ್ಮದಾಗಿಸಿಕೊಂಡರು. ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರೆಂಬ ಹೆಗ್ಗಳಿಕೆ ಅವರದು. ಅವರ ಗೆಲುವು ಸುದ್ದಿಯಾದದ್ದು ಒಂದೆರಡು ದಿನ. ಅದರ ಹಿಂದಿನ ಚೇತರಿಕೆ ತಿಂಗಳುಗಟ್ಟಲೆಯದು.

ಮೂರನೆಯವರು ಕಾರಿನ ಸ್ಟಿಯರಿಂಗ್ ಹಿಡಿದವರಲ್ಲ. ಕಾಸರಗೋಡು ಜಿಲ್ಲೆಯ ಮೊಗ್ರಾಲಿನ ಮೂಸಾ ಶರೀಫ್ ದೇಶದ ಅನುಭವಿ ರ‍್ಯಾಲಿ ಸಹಚಾಲಕರಲ್ಲಿ ಒಬ್ಬರು. ಗೌರವ್ ಗಿಲ್ ಅವರ ಪಕ್ಕದಲ್ಲಿ ಕುಳಿತು ಹಲವು ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪಾಲುದಾರರಾದರು. ಮುಂದಿನ ತಿರುವು ಎಷ್ಟು ಕಡಿದು, ದಿಬ್ಬದಾಚೆ ರಸ್ತೆ ಯಾವ ಕಡೆ ಹೊರಳುತ್ತದೆ ಎಂಬುದನ್ನು ಮೊದಲೇ ಬರೆದುಕೊಂಡ ಟಿಪ್ಪಣಿಯಿಂದ ಸಹಚಾಲಕ ಓದಿ ಹೇಳುತ್ತಾನೆ. ಕಣ್ಣಿಗೆ ಕಾಣದ ರಸ್ತೆಯನ್ನು ಚಾಲಕ ಆ ದನಿಯನ್ನು ನಂಬಿ ಪೂರ್ಣ ವೇಗದಲ್ಲಿ ಹಾಯುತ್ತಾನೆ. ಒಂದು ಪದ ತಡವಾದರೂ ಕಾರು ಕಂದಕದಲ್ಲಿ. ಇಷ್ಟು ದೊಡ್ಡ ನಂಬಿಕೆಗೆ ಪಾತ್ರನಾದವನ ಹೆಸರು ಹೆಚ್ಚಿನ ಪ್ರೇಕ್ಷಕರಿಗೆ ತಿಳಿದಿರುವುದಿಲ್ಲ.

ಸೀಬಿನ ರಸ್ತೆಯಲ್ಲಿ

ಈಗ ಮತ್ತೆ ಒಮಾನಿಗೆ ಬರೋಣ. ನುಣುಪಾದ ಅಗಲ ರಸ್ತೆಗಳು, ಶಕ್ತಿಶಾಲಿ ಕಾರುಗಳು, ಯುವ ಜನಸಂಖ್ಯೆ ಮೂರೂ ಕೂಡಿದ ದೇಶವಿದು. 2012ರಲ್ಲಿ, ಜನಸಂಖ್ಯೆ 40 ಲಕ್ಷವನ್ನೂ ಮುಟ್ಟಿರದಿದ್ದಾಗ, ಒಂದೇ ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ರಸ್ತೆ ಅಪಘಾತಗಳಲ್ಲಿ ಸತ್ತರು. ಕ್ಯಾಮೆರಾಗಳು, ಕಠಿಣ ಕಾನೂನು, ಜಾಗೃತಿ ಇವುಗಳ ಬಳಿಕ ಆ ಸಂಖ್ಯೆ ಬಹಳಷ್ಟು ಇಳಿದಿದೆ. ಆದರೂ ರಾತ್ರಿ ಹೊತ್ತಿನಲ್ಲಿ ಸೈಲೆನ್ಸರ್ ಬದಲಿಸಿದ ಕಾರಿನ ಅಬ್ಬರವನ್ನು ಕೇಳದ ಬಡಾವಣೆ ಗಲ್ಫಿನಲ್ಲಿ ಕಡಿಮೆ. ಇದು ಸ್ಥಳೀಯ ಯುವಕರೊಬ್ಬರ ದೋಷವಲ್ಲ. ಇಲ್ಲಿಯೇ ಹುಟ್ಟಿ ಬೆಳೆದು, ಹದಿನೆಂಟು ತುಂಬಿದೊಡನೆ ಲೈಸೆನ್ಸ್ ಪಡೆದ ನಮ್ಮ ಮಕ್ಕಳೂ ಅದೇ ವಿಡಿಯೋಗಳನ್ನು ನೋಡಿ ಬೆಳೆಯುತ್ತಾರೆ.

ಅನುಕರಣೆ ಯಾವಾಗಲೂ ಕಾಣುವುದರದ್ದೇ ಆಗಿರುತ್ತದೆ. ವೇಗ, ಸದ್ದು, ಗಿರಕಿ, ಎದುರಾಳಿಯನ್ನು ಅಂಚಿಗೆ ತಳ್ಳುವ ಧಾಡಸಿತನ ಪರದೆಯ ಮೇಲೆ ಕಾಣುತ್ತವೆ. ಆರು ಕಡೆ ಬಿಗಿಯುವ ಬೆಲ್ಟು, ಕತ್ತನ್ನು ಕಾಯುವ ಪಟ್ಟಿ, ಬೆಂಕಿ ತಡೆಯುವ ಉಡುಪು, ಕಾರಿನೊಳಗಿನ ಉಕ್ಕಿನ ಪಂಜರ, ಧ್ವಜ ಹಿಡಿದು ನಿಂತ ಸ್ವಯಂಸೇವಕರು, ನಿಮಿಷದೊಳಗೆ ಬರುವ ವೈದ್ಯರು, ಎಲ್ಲಕ್ಕಿಂತ ಮುಖ್ಯವಾಗಿ ಎದುರಿನಿಂದ ಯಾರೂ ಬರದ, ಮಕ್ಕಳು ದಾಟದ ಹಾದಿ — ಇವು ನೋಡುಗನ ಗಮನಕ್ಕೆ ಬರುವುದಿಲ್ಲ. ಫುಜಿಯಲ್ಲಿ ಕಾರು ನಿಲ್ಲಿಸಿದ ಲೌಡಾ ಅವರ ನಿರ್ಧಾರವೂ ಯಾವ ಗಿರಕಿಯಷ್ಟು ಚಿತ್ರವತ್ತಾಗಿಲ್ಲ. ಸೀಬಿನ ಅಸೋಸಿಯೇಷನ್ ಆವರಣದಂಥ ಸ್ಥಳಗಳ ಬೆಲೆ ಇಲ್ಲಿದೆ. ಕಾರ್ಟಿಂಗ್ ಟ್ರ್ಯಾಕಿಗೆ ಇಳಿದ ಹುಡುಗ ಮೊದಲು ಕಲಿಯುವುದು ಹೆಲ್ಮೆಟ್ ಸರಿಯಾಗಿ ತೊಡುವುದನ್ನು, ಧ್ವಜಗಳ ಅರ್ಥವನ್ನು, ಹಳದಿ ಧ್ವಜ ಕಂಡಾಗ ಮುಂದಿನವನನ್ನು ಹಿಂದಿಕ್ಕದಿರುವುದನ್ನು. ಮೂರನೆಯ ಸುತ್ತಿನಲ್ಲಿ ಗಿರ್ರನೆ ತಿರುಗಿ ನಿಂತಾಗ ತಾನೆಣಿಸಿದಷ್ಟು ತನಗೆ ಗೊತ್ತಿಲ್ಲವೆಂಬುದನ್ನೂ ಕಲಿಯುತ್ತಾನೆ. ಆ ಪಾಠ ಅಲ್ಲಿ ಟೈರಿನ ಗೋಡೆಗೆ ತಾಗಿ ಮುಗಿಯುತ್ತದೆ. ಹೆದ್ದಾರಿಯಲ್ಲಿ ಹಾಗೆ ಮುಗಿಯುವುದಿಲ್ಲ.

ಮನೆಯಲ್ಲಿ ಮಕ್ಕಳೊಂದಿಗೆ ರೇಸು ನೋಡುವವರು ಗಮನಿಸಬಹುದಾದ ಕೆಲವು ಸಂಗತಿಗಳಿವೆ. ತಪ್ಪಾದ ಕೂಡಲೇ ಚಾಲಕ ರೇಡಿಯೊದಲ್ಲಿ ಮೊದಲು ಯಾರ ಹೆಸರು ಹೇಳುತ್ತಾನೆ, ತನ್ನದೋ ಎಂಜಿನಿಯರನದೋ? ಅಪಘಾತವಾದಾಗ ತನ್ನ ಕಾರಿನ ಬಗ್ಗೆ ಕೇಳುವ ಮೊದಲು ಇನ್ನೊಬ್ಬನ ಕ್ಷೇಮ ವಿಚಾರಿಸುತ್ತಾನೆಯೇ? ಜೊತೆಗಾರನ ಕೈಯಲ್ಲಿ ಕಾರು ಹಾಳಾದಾಗ ಪಿಟ್ಟಿನಲ್ಲಿ ಅವನ ಪಕ್ಕ ಯಾರು ನಿಲ್ಲುತ್ತಾರೆ? ದೀರ್ಘ ಓಟದ ಪ್ರಸಾರದಲ್ಲಿ ಚಾಲಕರು ಬದಲಾಗುವ ಆ ಹತ್ತಿಪ್ಪತ್ತು ಸೆಕೆಂಡುಗಳನ್ನು ನೋಡಬೇಕು. ಬೆವರಿನಿಂದ ತೊಯ್ದವನೊಬ್ಬ ಹೊರಬಂದು, ಇನ್ನೊಬ್ಬನ ಬೆಲ್ಟು ಬಿಗಿದು, ಟೈರಿನ ಸ್ಥಿತಿಯನ್ನು ಅವನ ಕಿವಿಗೆ ಕೂಗಿ ಹೇಳಿ, ಬಾಗಿಲು ಹಾಕಿ ಸರಿಯುತ್ತಾನೆ. ಇಬ್ಬರ ಮುಖವೂ ಹೆಲ್ಮೆಟ್ಟಿನ ಒಳಗೇ ಇರುತ್ತದೆ. 46ರ ಕಾರಿನಲ್ಲಿ ಹೀಗೆ ಇಳಿದು ಹತ್ತಿದವರಲ್ಲಿ ಒಬ್ಬರು ಮಸ್ಕತ್‌ನವರು.